ಫೋಟೋ ಕೆಳಗೆ ‘ಸಾವಿನ ಜತೆ ಸರಸ’ ಅಂತ ಹಾಕಿದ್ರಲ್ಲ, ಅದರ ಬಗ್ಗೆ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ಪುರವಣೀಲಿ ಒಂದು ಫೋಟೋ ಹಾಕಿದ್ರಿ, ಹಿಮದ ಗುಡ್ಡೆ ಮೇಲಿಂದ ಹುಡುಗ ಒಬ್ಬ ಕಾಲಿಗೆ ಹಲಗೆ ಕಟ್ಕೊಂಡು ತಲೆಕೆಳಗಾಗಿ ಹಾರ್ತಾ ಇರೋದು. ಫೋಟೋ ಸೂಪರ್. ಆದ್ರೆ ಅದರ ಕೆಳಗೆ ‘ಸಾವಿನ ಜತೆ ಸರಸ’ ಅಂತ ಮೂರೇ ಪದ ಬರೆದು ಕೈ ತೊಳ್ಕೊಂಡ್ರಲ್ಲ, ಅದನ್ನ ಓದಿ ನಂಗೆ ಸುಮ್ನಿರಕ್ಕಾಗ್ಲಿಲ್ಲ, ಅದಕ್ಕೇ ಮೊಬೈಲಲ್ಲೇ ಟೈಪ್ ಮಾಡ್ತಾ ಇದೀನಿ, ತಪ್ಪಿದ್ರೆ ನಿಮ್ಮೋರು ತಿದ್ಕೊಳ್ಳಲಿ. ಆ ಹುಡುಗಂಗೆ ಧೈರ್ಯ ಎಷ್ಟಿದ್ಯೋ ಏನೋ, ಅವನ ಕೆಳಗಿರೋ ಹಿಮಾನ ಮಾತ್ರ ಯಾರೋ ಟೇಪ್ ಹಿಡ್ದು ಅಳತೆ ಮಾಡಿ ಕಟ್ಟಿದಾರೆ. ಫೋಟೋದಲ್ಲಿ ಹಾರಿದೋನು ಕಾಣ್ತಾನೆ, ಕಟ್ಟಿದೋನು ಕಾಣಲ್ಲ. ನಾನು ಬರೀತಿರೋದು ಆ ಕಟ್ಟಿದೋನ ಬಗ್ಗೆ.

ನಂದು ಕೋಲಾರ. ಎರಡು ಜೆಸಿಬಿ, ಒಂದು ಟಿಪ್ಪರ್ ಇಟ್ಕೊಂಡಿದೀನಿ, 22 ವರ್ಷದಿಂದ ಇದೇ ಕೆಲಸ, ಕೃಷಿ ಹೊಂಡ ತೋಡೋದು, ಲೇಔಟ್ ಲೆವೆಲ್ ಮಾಡೋದು, ಕೆರೆ ಹೂಳು ಎತ್ತೋದು. ಒಂದು ಮಣ್ಣಿನ ಗುಡ್ಡೆ ನೋಡಿದ್ರೆ ಇದು ನಿಲ್ಲುತ್ತಾ ಜಾರುತ್ತಾ ಅಂತ ಕಣ್ಣಳತೇಲೇ ಹೇಳ್ತೀನಿ, ಅಷ್ಟು ಬಿಟ್ರೆ ನಂಗೆ ಬೇರೆ ವಿದ್ಯೆ ಇಲ್ಲ. ಮಗಳು ಅಳಿಯ ಅಮೆರಿಕದ ಡೆನ್ವರಲ್ಲಿದಾರೆ. ಹೋದ ವರ್ಷ ಮಾರ್ಚಲ್ಲಿ ನಾನೂ ನಮ್ಮನೆಯೋಳೂ ಹೋಗಿದ್ವಿ. ಒಂದಿನ ಬಾ ಅಪ್ಪ ಹಿಮ ತೋರಿಸ್ತೀನಿ ಅಂತ ಬ್ರೆಕೆನ್‌ರಿಜ್ ಅನ್ನೋ ಊರಿಗೆ ಕರ್ಕೊಂಡು ಹೋದ್ಳು, ದಾರೀಲಿ 11,000 ಅಡಿ ಎತ್ತರದಲ್ಲಿ ಬೆಟ್ಟ ಕೊರೆದು ಮಾಡಿರೋ ಐಸೆನ್‌ಹೋವರ್ ಸುರಂಗ, ಅದನ್ನ ನೋಡಿಯೇ ನಂಗೆ ಟಿಕೆಟ್ ದುಡ್ಡು ವಸೂಲಾಗಿತ್ತು. ಆ ಊರಿರೋದೇ 9,600 ಅಡಿ ಮೇಲೆ. ನಮ್ಮ ನಂದಿಬೆಟ್ಟದ ತುದಿ 4,850 ಅಡಿ ಆಸುಪಾಸು, ಅಂದ್ರೆ ನಂದಿ ಮೇಲೆ ಇನ್ನೊಂದು ನಂದಿ ಇಟ್ರೆ ಅಲ್ಲಿನ ಬಸ್‌ಸ್ಟ್ಯಾಂಡ್ ಸಿಗುತ್ತೆ ಅನ್ಕೊಳ್ಳಿ. ಹತ್ತು ಹೆಜ್ಜೆ ಇಟ್ರೆ ಉಬ್ಬಸ. ಊರೊಳಗಿಂದ ಗೊಂಡೊಲಾ, ಅಂದ್ರೆ ತಂತಿ ಮೇಲೆ ತೂಗಾಡ್ಕೊಂಡು ಹೋಗೋ ಡಬ್ಬಿ, ಅದು ಫ್ರೀ, ಅದರಲ್ಲಿ ಕೂತು ಮೇಲೆ ಹೋಗಿ ಒಂದು ಬೆಂಚ್ ಹಿಡ್ಕೊಂಡೆ, ಸಾಯಂಕಾಲದ ತನಕ ಏಳಲಿಲ್ಲ. ಮಗಳು ಅಳಿಯ ಸ್ಕೀ ಮಾಡಕ್ಕೆ ಹೋದ್ರು, ನಮ್ಮನೆಯೋಳು ಶಾಲು ಹೊದ್ಕೊಂಡು ಕಾಫಿ ಅಂಗಡೀಲಿ ಕೂತ್ಳು, ಹೊರಗೆ ಬರಲೇ ಇಲ್ಲ.

ಈ ಹಾರೋ ಜಾಗಕ್ಕೆ ಅವರು ಟೆರೇನ್ ಪಾರ್ಕ್ ಅಂತಾರೆ. ಸ್ಕೀ ಬೆಟ್ಟದಲ್ಲಿ ಮಾಮೂಲಿ ಇಳಿಯೋ ದಾರಿಗಳಿಗೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ಡೈಮಂಡ್ ಅಂತ ಗುರುತು ಇರುತ್ತೆ, ಸುಲಭದ್ದರಿಂದ ಕಷ್ಟದ್ದಕ್ಕೆ. ಈ ಪಾರ್ಕಿಗೆ ಬೇರೆ ಗುರುತು, ಕಿತ್ತಳೆ ಬಣ್ಣದ ಮೊಟ್ಟೆ ಆಕಾರ, ಅದರ ಕೆಳಗೆ ಎಸ್, ಎಂ, ಎಲ್, ಎಕ್ಸ್‌ಎಲ್. ಥೇಟ್ ಬನಿಯನ್ ಅಂಗಡಿ. ಬ್ರೆಕೆನ್‌ರಿಜ್‌ನಲ್ಲಿ ಪೀಕ್ 8 ಅನ್ನೋ ಒಂದೇ ಶಿಖರದ ಮೇಲೆ ಕಲಿಯೋರಿಗೆ ಒಂದು, ಮಧ್ಯದೋರಿಗೆ ಒಂದು, ಫ್ರೀವೇ ಅಂತ ದೊಡ್ಡೋರಿಗೆ ಒಂದು. ನಿಮ್ಮ ಫೋಟೋದ ಹುಡುಗನಂಥೋರು ಹಾರೋದು ಈ ಫ್ರೀವೇ ತರದ ಕಡೆ. ನಾನೂ ಮೊದಲು ಅದನ್ನೇ ಬಾಯಿ ಬಿಟ್ಕೊಂಡು ನೋಡ್ತಾ ಕೂತಿದ್ದೆ, ಎಲ್ರೂ ಅದನ್ನೇ ನೋಡೋದು. ಅರ್ಧ ಗಂಟೆ ಆದ್ಮೇಲೆ ಕಣ್ಣು ಚಿಕ್ಕದರ ಕಡೆ ಹೋಯ್ತು, ಆಮೇಲೆ ದೊಡ್ಡದು ಬೋರ್ ಆಯ್ತು ಸಾರ್, ನಿಜವಾಗ್ಲೂ. ಐದಾರು ವರ್ಷದ ಒಂದು ಹೆಣ್ಮಗು, ಗುಲಾಬಿ ಹೆಲ್ಮೆಟ್, ಒಂದಡಿ ಎತ್ತರದ ಹಿಮದ ಉಬ್ಬು ಹತ್ತಿ ಇಳೀತು. ಹಾರಲಿಲ್ಲ, ಬರೀ ಹತ್ತಿ ಇಳೀತು. ಇಳಿದ ತಕ್ಷಣ ಎರಡೂ ಕೈ ಮೇಲೆತ್ತಿ ಅವರಮ್ಮನ ಕಡೆ ತಿರುಗ್ತು. ಮತ್ತೆ ಮೇಲೆ ಹೋಯ್ತು, ಮತ್ತೆ ಇಳೀತು, ನಾನು ಎಣಿಸಿದ್ದೇ ಹದಿನಾಲ್ಕು ಸಲ, ಹದಿನೈದನೇ ಸಲಕ್ಕೆ ಉಬ್ಬಿನ ಮೇಲೆ ಹಲಗೆ ನೆಲ ಬಿಟ್ಟು ಒಂದು ಬೆರಳಷ್ಟು ಮೇಲೆದ್ದಿತ್ತು. ಮಗೂಗೂ ಗೊತ್ತಾಗಿಲ್ಲ ಅನ್ಸುತ್ತೆ.

ನಂಗೆ ತಟ್ ಅಂತ ನಮ್ಮ ಊರ ಬಾವಿ ನೆನಪಾಯ್ತು. ಕೋಲಾರ ಕಡೆ ನಮ್ಮ ವಯಸ್ಸಿನೋರು ಈಜು ಕಲ್ತಿದ್ದು ಎಲ್ಲಿ ಹೇಳಿ? ಎತ್ತು ಕಟ್ಟಿ ನೀರು ಎತ್ತೋ ಕಪಿಲೆ ಬಾವೀಲಿ. ಮೊದಲು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಡೋರು. ಆಮೇಲೆ ನೀರಿಗೆ ತಾಗಿರೋ ಕೊನೆ ಮೆಟ್ಲಿಂದ ಇಳಿಯೋದು. ಆಮೇಲೆ ಒಂದೊಂದೇ ಮೆಟ್ಲು ಮೇಲಕ್ಕೆ, ಮೂರನೇ ಮೆಟ್ಲು, ಐದನೇ ಮೆಟ್ಲು, ಆಮೇಲೆ ಮೋಟುಗೋಡೆ, ಕೊನೇಗೆ ಎಲ್ಲಕ್ಕಿಂತ ಮೇಲಿರೋ ಕಪಿಲೆ ಕಲ್ಲು. ಕಪಿಲೆ ಕಲ್ಲಿಂದ ಧುಮುಕೋನು ಅಂದ್ರೆ ಊರಿಗೇ ಹೀರೋ, ಅವನೇ ಎಕ್ಸ್‌ಎಲ್. ಯಾರೂ ಬೋರ್ಡ್ ಹಾಕಿರ್ಲಿಲ್ಲ, ಮೆಟ್ಲೇ ಬೋರ್ಡು. ಹುಡುಗರು ತಾವೇ ಇವತ್ತು ನಾಲ್ಕಕ್ಕೆ ಸಾಕು ಅಂತ ನಿಂತ್ಕೊಳ್ಳೋರು. ಈಗ ಆ ಬಾವಿಗಳೂ ಇಲ್ಲ ನೀರೂ ಇಲ್ಲ, ಸಾವಿರ ಅಡಿ ದಾಟಿ ಬೋರ್ ಕೊರೆಸ್ತೀವಿ, ಹುಡುಗರು ಈಜು ಕಲಿಯಕ್ಕೆ ದುಡ್ಡು ಕೊಟ್ಟು ಹೋಗ್ತಾರೆ, ಅದು ಬೇರೆ ಕತೆ ಬಿಡಿ.

ಮಗಳ ಆಫೀಸಲ್ಲಿ ಒಬ್ಬ ಹುಡುಗ ಇದಾನೆ, ಓದ್ತಾ ಇದ್ದಾಗ ಎರಡು ಸೀಸನ್ ಪಾರ್ಕ್ ಕ್ರೂನಲ್ಲಿ, ಅಂದ್ರೆ ಈ ಪಾರ್ಕ್ ಕಟ್ಟಿ ನೋಡ್ಕೊಳ್ಳೋ ತಂಡದಲ್ಲಿ, ಕೆಲಸ ಮಾಡಿದ್ನಂತೆ, ಅವತ್ತು ನಮ್ಮ ಜತೆ ಬಂದಿದ್ದ. ನಾನು ಮಣ್ಣಿನ ಕೆಲಸದೋನು ಅಂತ ಗೊತ್ತಾದ್ಮೇಲೆ ಅವನು ಸ್ಕೀ ಬಿಟ್ಟು ನನ್ನ ಜತೇನೇ ಕೂತ. ಮಗಳು ಮಧ್ಯ ಮಧ್ಯ ಬಂದು ಅರ್ಥ ಹೇಳಿದ್ಳು, ಅರ್ಧ ಅವನು ಕೈ ಆಡಿಸಿದ್ದರಲ್ಲೇ ತಿಳೀತು. ಅವನು ಹೇಳಿದ್ದರಲ್ಲಿ ನಂಗೆ ತುಂಬ ಹಿಡಿಸಿದ್ದು ಏನಪ್ಪ ಅಂದ್ರೆ, ಚಿಕ್ಕದು ಅಂದ್ರೆ ದೊಡ್ಡದನ್ನ ಕುಗ್ಗಿಸಿದ್ದಲ್ಲ, ಅದರ ಲೆಕ್ಕಾನೇ ಬೇರೆ. ಈಗ ಬಾಕ್ಸ್ ಅಂತ ಒಂದು ಇರುತ್ತೆ, ಉದ್ದಕ್ಕೆ ಮಲಗಿಸಿರೋ ಬೆಂಚ್ ತರ, ಮೇಲೆ ನುಣ್ಣಗಿನ ಪ್ಲಾಸ್ಟಿಕ್ ಹೊದಿಸಿರ್ತಾರೆ, ಅದರ ಮೇಲೆ ಹಲಗೆ ಜಾರಿಸ್ಕೊಂಡು ಹೋಗೋದು. ಕಲಿಯೋರ ಬಾಕ್ಸ್ ಅಗಲವಾಗಿರುತ್ತೆ, ನೆಲಕ್ಕೆ ತಗ್ಗಾಗಿರುತ್ತೆ, ಮತ್ತೆ ಶುರುವಿನ ಅಂಚಿಗೆ ಸಮವಾಗಿ ಹಿಮ ತುಂಬಿರ್ತಾರೆ, ಅಂದ್ರೆ ಹಾರಿ ಹತ್ತೋ ಹಂಗಿಲ್ಲ, ಸೀದಾ ಹೋದ್ರೆ ತಾನಾಗೇ ಮೇಲೆ ಇರ್ತೀರಿ. ತಪ್ಪಿದ್ರೂ ಪಕ್ಕಕ್ಕೆ ಒಂದು ಗೇಣು ಇಳಿದ್ರೆ ಹಿಮ. ಅದು ಎಸ್. ಮುಂದಿನದಕ್ಕೆ ಅಂಚಲ್ಲಿ ಸ್ವಲ್ಪ ಗ್ಯಾಪ್ ಬಿಡ್ತಾರೆ, ಈಗ ಚಿಕ್ಕದಾಗಿ ಎಗರಬೇಕು. ಆಮೇಲೆ ಅಗಲ ಕಮ್ಮಿ ಆಗುತ್ತೆ, ಆಮೇಲೆ ಬಾಕ್ಸ್ ಹೋಗಿ ರೈಲ್ ಅಂತ ಕಬ್ಬಿಣದ ಕಂಬಿ ಬರುತ್ತೆ, ಆಮೇಲೆ ಆ ರೈಲೇ ಮಧ್ಯದಲ್ಲಿ ಮುರಿದ ಹಂಗೆ ಇಳಿದು, ಸಮ ಆಗಿ, ಮತ್ತೆ ಇಳಿಯುತ್ತೆ. ಒಂದು ಸಲಕ್ಕೆ ಒಂದೇ ಹೊಸ ಕಷ್ಟ ಕೊಡ್ತಾರೆ. ಎತ್ತರ ಜಾಸ್ತಿ ಮಾಡಿದ್ರೆ ಅಗಲ ಮುಟ್ಟಲ್ಲ, ಅಗಲ ಕಮ್ಮಿ ಮಾಡಿದ್ರೆ ಎತ್ತರ ಮುಟ್ಟಲ್ಲ. ಇದನ್ನ ಕೇಳಿದಾಗ ನಮ್ಮ ಸ್ಕೂಲ್ ಮೇಷ್ಟ್ರು ಒಬ್ರು ಹಿಂಗೇ ಲೆಕ್ಕ ಹೇಳ್ಕೊಡ್ತಿದ್ರು ಅನ್ನಿಸ್ತು, ಮಿಕ್ಕೋರು ಎಲ್ಲ ಒಟ್ಟಿಗೆ ತಲೆ ಮೇಲೆ ಸುರಿಯೋರು.

ಇನ್ನೂ ಚಿಕ್ಕ ಮಕ್ಕಳಿಗೆ, ಮೂರರಿಂದ ಆರು ವರ್ಷದೋರಿಗೆ, ಬರ್ಟನ್ ಅನ್ನೋ ಸ್ನೋಬೋರ್ಡ್ ಕಂಪನಿಯೋರು ರಿಗ್ಲೆಟ್ ಪಾರ್ಕ್ ಅಂತ ಮಾಡಿದಾರೆ. ಅಲ್ಲಿ ಹಲಗೆಯ ಮೂತಿಗೆ ಒಂದು ದಾರ ಇರುತ್ತೆ, ಮಗೂನ ಹಲಗೆ ಮೇಲೆ ನಿಲ್ಲಿಸಿ ಅಪ್ಪನೋ ಟೀಚರೋ ದಾರ ಹಿಡಿದು ಎಳ್ಕೊಂಡು ಹೋಗ್ತಾರೆ, ನಮ್ಮಲ್ಲಿ ಅಡಿಕೆ ಹಾಳೆ ಮೇಲೆ ಕೂರಿಸಿ ಎಳೀತಿದ್ರಲ್ಲ ಹಂಗೇ. ಸೋರೆ ಬುರುಡೆ ಅಂದ್ರೆ ಇದೇ.

ಈಗ ಜಂಪಿಗೆ ಬರ್ತೀನಿ, ನಿಮ್ಮ ಫೋಟೋದಲ್ಲಿರೋದು ಇದೇ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಟೇಬಲ್‌ಟಾಪ್ ಅಂತಾರೆ. ಮೇಲಿಂದ ಜಾರ್ಕೊಂಡು ಬರೋ ದಾರಿ, ಆಮೇಲೆ ಮೇಲಕ್ಕೆ ಎತ್ತೋ ಏರು, ಅದರ ತುದಿ, ಆಮೇಲೆ ಮೇಜಿನ ತರ ಸಮ ಜಾಗ, ಆ ಮೇಜು ಮುಗಿದ ಕಡೆ ಒಂದು ಮಡಿಕೆ, ಅದಕ್ಕೆ ನಕಲ್ ಅಂತಾರೆ, ಬೆರಳ ಗೆಣ್ಣು ಅಂತ ಅರ್ಥ, ಅಲ್ಲಿಂದ ಆಚೆ ಇಳಿಜಾರು, ಅದೇ ಲ್ಯಾಂಡಿಂಗ್. ನೋಡೋರಿಗೆ ಎತ್ತರ ಎಷ್ಟು ಅನ್ನೋದೇ ಭಯ. ಆದ್ರೆ ಕಟ್ಟೋನಿಗೆ ಎತ್ತರ ಮುಖ್ಯ ಅಲ್ಲ, ಆಚೆ ಇಳಿಜಾರು ಮುಖ್ಯ. ಹತ್ತಡಿ ಎತ್ತರದಿಂದ ಸಮ ನೆಲಕ್ಕೆ ಬಿದ್ರೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡೀತೀರಿ. ಅದೇ ಹತ್ತಡಿ ಇಳಿದು, ನೀವು ಬೀಳ್ತಿರೋ ದಿಕ್ಕಿಗೇ ನೆಲಾನೂ ಇಳೀತಾ ಇದ್ರೆ, ನೆಲ ನಿಮ್ಮನ್ನ ಹೊಡೆಯಲ್ಲ, ಕರ್ಕೊಂಡು ಹೋಗುತ್ತೆ. ಹೊಲದಲ್ಲಿ ಹುಲ್ಲಿನ ಬಣವೆ ಮೇಲಿಂದ ಪಕ್ಕಕ್ಕೆ ಜಾರಿದ್ರೆ ಏನೂ ಆಗಲ್ಲ, ಅದೇ ಬಣವೆಯಿಂದ ಕಣಕ್ಕೆ ಧುಮುಕಿದ್ರೆ ಕಾಲು ಹೋಯ್ತು, ಎತ್ತರ ಎರಡಕ್ಕೂ ಒಂದೇ.

ಇದಕ್ಕೆ ಲೆಕ್ಕ ಕಟ್ಟಿರೋ ಮೇಷ್ಟ್ರುಗಳೂ ಇದಾರೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್‌ನ ಮಾಂಟ್ ಹಬ್ಬರ್ಡ್, ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನ ಜೇಮ್ಸ್ ಮೆಕ್‌ನೀಲ್. ಗಣಿ ಕಾಲೇಜಿನ ಮೇಷ್ಟ್ರು ಸಾರ್, ಕೆಜಿಎಫ್ ಚಿನ್ನದ ಗಣಿ ಇರೋ ಜಿಲ್ಲೆಯೋನಿಗೆ ಅದನ್ನ ಕೇಳಿ ಖುಷಿ ಆಗದೆ ಇರುತ್ತಾ. ಅವರು ಈಕ್ವಿವಲೆಂಟ್ ಫಾಲ್ ಹೈಟ್ ಅಂತ ಒಂದು ಅಳತೆ ಹಿಡಿದ್ರು. ಅಂದ್ರೆ ಈ ಜಂಪಲ್ಲಿ ಇಳಿದಾಗ ಬೀಳೋ ಪೆಟ್ಟು, ಸಮ ನೆಲಕ್ಕೆ ಎಷ್ಟು ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ ಅಂತ. ಲ್ಯಾಂಡಿಂಗ್ ಇಳಿಜಾರನ್ನ ಸರಿಯಾಗಿ ಬಾಗಿಸಿ ಕಟ್ಟಿದ್ರೆ ನೀವು ಹತ್ತಿರ ಬಿದ್ರೂ ದೂರ ಬಿದ್ರೂ ಪೆಟ್ಟು ಹೆಚ್ಚುಕಮ್ಮಿ ಒಂದೇ ಇರೋ ಹಂಗೆ ಮಾಡಬಹುದು ಅಂತ ಅವರು ಲೆಕ್ಕ ಹಾಕಿ ತೋರಿಸಿದ್ರು. ಕಣ್ಣಳತೇಲಿ ಕಟ್ಟಿದ್ರೆ ಹಂಗೆ ಬರಲ್ಲ. ಇನ್ನೊಂದು ಹೇಳಿದಾರೆ, ಏರಿನ ತುದೀಲಿ, ಕೊನೆ ಒಂದೆರಡು ಮಾರು, ಬಾಗು ಇರಬಾರದು, ನೆಟ್ಟಗಿರಬೇಕು. ಅಲ್ಲೂ ಮೇಲಕ್ಕೆ ಬಾಗಿದ್ರೆ ಅದು ಹಾರೋನನ್ನ ಅವನಿಗೇ ಗೊತ್ತಿಲ್ದಂಗೆ ಹಿಂದಕ್ಕೆ ತಿರುಗಿಸಿಬಿಡುತ್ತೆ, ಕಾಲು ಮೇಲೆ ತಲೆ ಕೆಳಗೆ. ನಿಮ್ಮ ಫೋಟೋದ ಹುಡುಗ ಬೇಕು ಅಂತ ತಲೆಕೆಳಗಾಗಿದಾನೆ, ಬೇಡ ಅಂದ್ರೂ ತಲೆಕೆಳಗಾದೋರು ಎಷ್ಟೋ ಜನ ಗಾಲಿ ಕುರ್ಚೀಲಿ ಕೂತಿದಾರೆ.

ಮತ್ತೆ ಸ್ಪೀಡು. ಇದನ್ನ ಕೇಳಿ ನಾನು ಎದ್ದು ನಿಂತೆ. ಮೇಜಿನ ಮೇಲೇ ಬಿದ್ರೂ ಕಷ್ಟ, ಲ್ಯಾಂಡಿಂಗ್ ದಾಟಿ ಆಚೆ ಸಮ ನೆಲಕ್ಕೆ ಬಿದ್ರೆ ಇನ್ನೂ ಕಷ್ಟ, ಅಂದ್ಮೇಲೆ ಬರೋ ವೇಗ ಸರಿಯಾಗಿರಬೇಕು. ಅದನ್ನ ಹಾರೋನ ಕೈಗೆ ಪೂರ್ತಿ ಬಿಡಲ್ಲ ಅವರು. ಜಾರೋ ದಾರಿ ಉದ್ದ ಮತ್ತೆ ಇಳಿಜಾರು ಎರಡನ್ನೂ ಅಳೆದು, ಇಲ್ಲಿ ನಿಂತು ಬ್ರೇಕ್ ಹಾಕದೆ ಸೀದಾ ಬಿಟ್ರೆ ಅಲ್ಲಿ ಇಳೀತೀಯ ಅನ್ನೋ ಹಂಗೆ ಶುರು ಜಾಗ ಕಟ್ತಾರೆ. ಕಲಿಯೋರ ಕಡೆ ಇದು ಇನ್ನೂ ಚೆನ್ನಾಗಿದೆ, ಇಳಿದ ಮೇಲೆ ನೆಲ ತಾನೇ ಸ್ವಲ್ಪ ಮೇಲಕ್ಕೇರುತ್ತೆ, ಬ್ರೇಕ್ ಹಾಕಕ್ಕೆ ಬರದ ಮಗೂನೂ ತಾನಾಗಿ ನಿಲ್ಲುತ್ತೆ. ಆದ್ರೆ ಹಿಮ ಒಂದೇ ತರ ಇರಲ್ಲ, ಅದೇ ತಾಪತ್ರಯ. ಬೆಳಗ್ಗೆ ಕಲ್ಲು, ಹಲಗೆ ಬಾಣದಂಗೆ ಹೋಗುತ್ತೆ, ಮಧ್ಯಾಹ್ನ ಬಿಸಿಲಿಗೆ ರಾಗಿ ಅಂಬಲಿ ಆಗುತ್ತೆ, ಅದೇ ಜಾಗದಿಂದ ಬಿಟ್ರೆ ಮೇಜು ದಾಟಲ್ಲ, ಗೆಣ್ಣಿನ ಮೇಲೇ ಬೀಳ್ತಾರೆ. ಅದಕ್ಕೆ ಕ್ರೂ ಹುಡುಗರು ಬೆಳಗ್ಗೆ ತೆರೆಯೋಕೆ ಮುಂಚೆ ಕುಂಟೆ ಹಿಡಿದು ತುದಿ ಕೆರೆದು ತಾವೇ ಹಾರಿ ನೋಡ್ತಾರೆ, ಸರಿ ಇಲ್ಲ ಅಂದ್ರೆ ಏರಿನ ಮುಂದೆ ಬಿದಿರು ಗಳು ಅಡ್ಡ ನೆಟ್ಟು ಮುಚ್ತಾರೆ. ಕೆಳಗೆ ಯಾರಾದ್ರೂ ಬಿದ್ದಿದ್ರೆ ಮೇಲಿರೋನಿಗೆ ಕಾಣಲ್ಲ, ಮೇಜು ಮರೆ ಮಾಡುತ್ತೆ, ಆಗ ಪಕ್ಕದಲ್ಲಿರೋನು ತಲೆ ಮೇಲೆ ಎರಡು ಕೈ ಕತ್ತರಿ ಹಾಕಿ ತೋರಿಸಿದ್ರೆ ಯಾರೂ ಬಿಡಲ್ಲ. ಮಾತೇ ಬೇಡ.

ಸಾಯಂಕಾಲ ಲಿಫ್ಟ್ ನಿಂತ ಮೇಲೆ ಮಗಳು ಹೊರಡೋಣ ಅಂತ ಕೈ ಎಳೀತಿದ್ಳು, ಅಷ್ಟರಲ್ಲಿ ಮೆಷಿನ್ ಬಂತು ನೋಡಿ. ಸ್ನೋಕ್ಯಾಟ್. ನಾಯಿ ನೋಡಿದ ಬೆಕ್ಕಿನಂಗೆ ನಿಂತೆ ನಾನು. ಅಗಲ ಚೈನು, ಮುಂದೆ ಬ್ಲೇಡು, ಆ ಬ್ಲೇಡ್ ಮೇಲೆ ಕೆಳಗೆ ಎಡ ಬಲ ವಾಲೋದು ತಿರುಗೋದು ಎಲ್ಲ ಸೇರಿ ಹನ್ನೆರಡು ತರ ಆಡುತ್ತೆ, ಹಿಂದೆ ನಮ್ಮ ರೋಟಾವೇಟರ್ ತರ ಒಂದು ಟಿಲ್ಲರ್, ಅದು ಹಿಮ ಪುಡಿ ಮಾಡಿ ಕಾರ್ಡುರಾಯ್ ಪ್ಯಾಂಟ್ ಬಟ್ಟೆ ತರ ಗೆರೆ ಎಳ್ಕೊಂಡು ಬರುತ್ತೆ. ನನ್ನ ಜೆಸಿಬಿ 76 ಹಾರ್ಸ್‌ಪವರ್, ಇವು 400 ಆಸುಪಾಸು. ಜರ್ಮನಿಯ ಪಿಸ್ಟೆನ್‌ಬುಲ್ಲಿ, ಇಟಲಿಯ ಪ್ರಿನೋತ್ ಅಂತ ಎರಡು ಹೆಸರು ಆ ಹುಡುಗ ಹೇಳ್ದ, ನಮ್ಮಲ್ಲಿ ಜೆಸಿಬಿ ಟಾಟಾ ಹಿಟಾಚಿ ಅಂದಂಗೆ. ಹೊಸದಾಗಿ ಬಿದ್ದ ಹಿಮ ಹತ್ತಿ ತರ, ಅದರಲ್ಲಿ ಜಂಪ್ ಕಟ್ಟಕ್ಕಾಗಲ್ಲ, ಮೆಷಿನಲ್ಲಿ ನೀರು ಗಾಳಿ ಬೆರೆಸಿ ಊದಿ ಮಾಡಿದ ಹಿಮ ಗಟ್ಟಿ, ಕಟ್ಟಕ್ಕೆ ಅದೇ ಬೇಕು. ರಾಶಿ ಹಾಕಿ ತಳ್ಳಿದ ಮೇಲೆ ತಕ್ಷಣ ಕೆತ್ತಲ್ಲ, ಕೂರಕ್ಕೆ ಬಿಡ್ತಾರೆ, ಕಾಳು ಕಾಳು ಒಂದಕ್ಕೊಂದು ಅಂಟ್ಕೊಂಡ್ಮೇಲೆ ಶೇಪ್ ಮಾಡ್ತಾರೆ. ನಾವು ಕೆಮ್ಮಣ್ಣಿಗೆ ನೀರು ಹೊಡೆದು ಒಂದು ರಾತ್ರಿ ಬಿಟ್ಟು ರೋಲರ್ ಹಾಕಲ್ವಾ. ಭಾಷೆ ಬರದೆ ಇದ್ರೂ ಈ ಒಂದು ಮಾತಿಗೆ ಅವನೂ ನಾನೂ ಕೈ ಕುಲುಕಿದ್ವಿ.

ಒಂದು ಸಣ್ಣ ಕತೆ ಸೇರಿಸ್ತೀನಿ. ಹಾಫ್ ಪೈಪ್ ಅಂತ ಇನ್ನೊಂದಿದೆ, ಪೈಪನ್ನ ಉದ್ದಕ್ಕೆ ಸೀಳಿ ಮಲಗಿಸಿದಂಗೆ, ಒಲಿಂಪಿಕ್ಸ್‌ನಲ್ಲಿ 1998ರ ನಗಾನೊದಿಂದ ಇದೆ. ಈಗ ದೊಡ್ಡದರ ಗೋಡೆ 22 ಅಡಿ. ಮೊದಲು ಅದನ್ನ ಗುದ್ದಲಿ ಸಲಿಕೇಲೇ ತೋಡ್ತಿದ್ರು, ಹುಡುಗರು ದಿನಗಟ್ಲೆ. 1990ರ ದಶಕದ ಶುರುವಲ್ಲಿ ಕೊಲರಾಡೊದಲ್ಲಿ ಡಗ್ ವಾ ಅನ್ನೋನು ಪೈಪ್ ಡ್ರ್ಯಾಗನ್ ಅಂತ ಒಂದು ಮೆಷಿನ್ ಮಾಡ್ದ, ಗೋಡೆಯ ಬಾಗನ್ನ ಒಂದೇ ಸಮ ಕೆತ್ಕೊಂಡು ಹೋಗೋದು. ಅವನು ಯಾರು ಅಂದ್ಕೊಂಡ್ರಿ? ಹೊಲದ ಮೆಷಿನ್ ರಿಪೇರಿ ಮಾಡೋ ಮೆಕ್ಯಾನಿಕ್ಕು. ನಮ್ಮ ಟಮಕದ ವೆಲ್ಡಿಂಗ್ ಶಾಪಲ್ಲಿ ಸಿಗೋ ತರದ ಮನುಷ್ಯ.

ಅಪಾಯಾನೇ ಇಲ್ಲ ಅಂತ ನಾನು ಹೇಳ್ತಿಲ್ಲ, ತಪ್ಪು ತಿಳೀಬೇಡಿ. ಸಿಯಾಟಲ್ ಹತ್ತಿರದ ಒಂದು ಸ್ಕೀ ಜಾಗದಲ್ಲಿ 2004ರಲ್ಲಿ ಒಬ್ಬ ಹುಡುಗ ಲ್ಯಾಂಡಿಂಗ್ ದಾಟಿ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳ್ಕೊಂಡ. 2007ರಲ್ಲಿ ಅಲ್ಲಿನ ಕೋರ್ಟಿನ ಜ್ಯೂರಿ, ಹುಡುಗನದ್ದೂ ತಪ್ಪಿದೆ ಅಂತ ಅವನ ಪಾಲು ಕಳೆದ್ಮೇಲೂ, 14 ಮಿಲಿಯನ್ ಡಾಲರ್ ಕೊಡಿ ಅಂತು. ಅಂದ್ರೆ ಜಂಪ್ ಕಟ್ಟಿದ್ದರಲ್ಲೂ ತಪ್ಪಿತ್ತು ಅಂತಾಯ್ತು. ಕೆನಡಾದ ವಿಸ್ಲರ್‌ನಲ್ಲಿ ದೊಡ್ಡ ಪಾರ್ಕಿಗೆ ಹೋಗಬೇಕಂದ್ರೆ ಬೇರೆ ಪಾಸ್, ಹೆಲ್ಮೆಟ್ ಕಡ್ಡಾಯ ಅಂತ ಮಾಡಿದ್ರು. ಮತ್ತೆ ಅಮೆರಿಕದ ಪಾರ್ಕಿನ ಬಾಗಿಲಲ್ಲಿ ಬೋರ್ಡ್ ಇರುತ್ತೆ, ಮೊದಲನೇ ಮಾತೇ ಚಿಕ್ಕದರಿಂದ ಶುರು ಮಾಡು ಅಂತ. ಇನ್ನೊಂದು ವಿಷ್ಯ, ಈ ಎಸ್ ಎಂ ಎಲ್ ಅನ್ನೋದು ಆಯಾ ಬೆಟ್ಟದೊಳಗಿನ ಲೆಕ್ಕ ಅಷ್ಟೇ, ಒಂದು ಕಡೆ ಮೀಡಿಯಂ ಇನ್ನೊಂದು ಕಡೆ ಲಾರ್ಜ್ ಇರಬಹುದು, ರೆಡಿಮೇಡ್ ಶರ್ಟ್ ಕಂಪನಿಗೊಂದು ಸೈಜ್ ಬಂದಂಗೆ. ಹೊಸ ಜಾಗಕ್ಕೆ ಹೋದೋನು ಮತ್ತೆ ಚಿಕ್ಕದರಿಂದಲೇ ಶುರು ಮಾಡಬೇಕು.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ನಾನೇ ಒಂದು ಕೆಟ್ಟ ಜಂಪ್ ಕಟ್ಟಿದೀನಿ. ಅಮೆರಿಕಕ್ಕೆ ಹೋಗೋಕೆ ಮುಂಚೆ, ಮುಳಬಾಗಿಲು ಕಡೆ ಒಬ್ರು ಮಾವಿನ ತೋಟದಲ್ಲಿ ವೀಕೆಂಡ್ ರೆಸಾರ್ಟ್ ಮಾಡ್ತೀವಿ, ಹೆಸರು ಬೇಡ, ಹುಡುಗರಿಗೆ ಸೈಕಲ್ ಹಾರಿಸಕ್ಕೆ ಒಂದು ಗುಡ್ಡೆ ಹಾಕ್ಕೊಡಿ ಅಂದ್ರು. ಎಷ್ಟೆತ್ತರ ಅಂದೆ. ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂದ್ರು. ಅರ್ಧ ದಿನದ ಕೆಲಸ, ಐದಡಿ ಎತ್ತರ ಗುಡ್ಡೆ ಹಾಕಿ ಮುಂದೆ ಚೆನ್ನಾಗಿ ಏರು ಬಡಿದು ಕೊಟ್ಟೆ. ಹಿಂದೆ? ಹಿಂದೆ ಬಕೆಟಲ್ಲಿ ಕತ್ತರಿಸಿದಂಗೆ ನೆಟ್ಟಗೆ, ಕೆಳಗೆ ಸಮ ನೆಲ. ನಂಗೆ ಅದು ಹೊಳೀಲೇ ಇಲ್ಲ, ಹಾರೋನು ಎಲ್ಲೋ ಇಳೀಬೇಕಲ್ಲ ಅಂತ. ಎರಡನೇ ವಾರ ನಮ್ಮ ತಂಗಿ ಮಗನೇ ಹೋಗಿ ಹಾರ್ದ, ಹದಿನಾಲ್ಕು ವರ್ಷ, ಕತ್ತಿನ ಕೆಳಗಿನ ಮೂಳೆ ಮುರೀತು. ಎಲ್ರೂ ಹುಡುಗನ್ನ ಬೈದ್ರು, ಕೊಬ್ಬು ಜಾಸ್ತಿ ಅಂತ. ನಾನೂ ಬೈದೆ. ಅವನು ಆ ಗುಡ್ಡೆಗೆ ಮುಂಚೆ ಯಾವ ಗುಡ್ಡೆ ಹಾರಿದ್ದ ಅಂತ ಯಾರೂ ಕೇಳಲಿಲ್ಲ, ಯಾಕಂದ್ರೆ ಇದ್ದಿದ್ದೇ ಅದೊಂದು. ನಾವು ಕೊಟ್ಟಿದ್ದು ಸೀದಾ ಕಪಿಲೆ ಕಲ್ಲು, ಮೆಟ್ಲು ಇಲ್ಲದ ಬಾವಿ.

ಕೆಜಿಎಫ್ ಸೈನೈಡ್ ಗುಡ್ಡದ ಮೇಲೂ ಬೆಂಗ್ಳೂರಿಂದ ಬೈಕ್ ತಗೊಂಡು ಬಂದು ಎಗರಿಸ್ತಾರೆ, ಗಣಿ 2001ರಲ್ಲಿ ಮುಚ್ಚಿದ್ರೂ ಗುಡ್ಡ ಹಂಗೇ ಇದೆಯಲ್ಲ. ಅದು ಗಣಿ ಕಸ, ಯಾರೂ ಹಾರಲಿ ಅಂತ ಹಾಕಿದ್ದಲ್ಲ, ಆ ಧೂಳು ಬೇರೆ ಮೂಗಿಗೆ. ಆ ಹುಡುಗರ ಫೋಟೋ ಕೆಳಗೆ ಬೇಕಾದ್ರೆ ನಿಮ್ಮ ಆ ಮೂರು ಪದ ಹಾಕಿ, ನಾನು ಪತ್ರ ಬರೆಯಲ್ಲ.

ಊರಿಗೆ ಬಂದ್ಮೇಲೆ ಆ ರೆಸಾರ್ಟಿನೋರಿಗೆ ಫೋನ್ ಮಾಡಿ ಫ್ರೀಯಾಗಿ ಸರಿ ಮಾಡ್ಕೊಡ್ತೀನಿ ಅಂದೆ, ಬೇಡ ಆ ಜಾಗದಲ್ಲಿ ಪಾರ್ಕಿಂಗ್ ಮಾಡಿದೀವಿ ಅಂದ್ರು. ಸರಿ ಅಂತ ನಮ್ಮದೇ ಖಾಲಿ ಸೈಟು ಒಂದಿತ್ತು, 60 ಅಡಿಗೆ 120, ಅದರಲ್ಲಿ ಶುರು ಮಾಡ್ದೆ. ಲೆವೆಲ್ ಟ್ಯೂಬ್ ಹಿಡಿದು, ಸುಣ್ಣದ ಪುಡೀಲಿ ಗೆರೆ ಹಾಕಿ, ತಂಗಿ ಮಗನ್ನೇ ಜತೆಗಿಟ್ಕೊಂಡೆ. ಮೂರು ಸಾಲು. ಮೊದಲನೇದು ಬರೀ ಉಬ್ಬು ತಗ್ಗು, ಒಂದಡಿ, ನಾಲ್ಕು ಸಲ, ಹಾರೋ ಹಂಗೇ ಇಲ್ಲ. ಎರಡನೇದು ಎರಡಡಿ ಏರು, ಐದಡಿ ಮೇಜು, ಆಚೆ ಉದ್ದಕ್ಕೆ ಇಳಿಜಾರು, ಮೇಜು ತುಂಬ್ಸಿ ಕಟ್ಟಿರೋದ್ರಿಂದ ಹಾರದೆ ಸುಮ್ನೆ ಸೈಕಲ್ ಹೊಡ್ಕೊಂಡು ಹೋದ್ರೂ ದಾಟಬಹುದು. ಮೂರನೇದು ಮೂರೂವರೆ ಅಡಿ, ಅದಕ್ಕೆ ಒಳಗೆ ಬರೋ ದಾರಿ ಬೇರೆ ಕಡೆಯಿಂದ ಇಟ್ಟಿದೀನಿ, ಚಿಕ್ಕ ಮಕ್ಕಳು ಸಾಲು ತಪ್ಪಿ ಅಲ್ಲಿಗೆ ಹೋಗಬಾರದು ಅಂತ. ಇದೆಲ್ಲದರಲ್ಲಿ ಎರಡನೇದಕ್ಕೇ ನಂಗೆ ಜಾಸ್ತಿ ಟೈಮ್ ಹಿಡೀತು, ಮೂರು ಸಲ ಒಡೆದು ಕಟ್ಟಿದೆ. ಚಿಕ್ಕದು ಯಾರು ಬೇಕಾದ್ರೂ ಕಟ್ತಾರೆ, ದೊಡ್ಡದು ಫೋಟೋಗೆ ಅಂತ ಎಲ್ರೂ ಕಟ್ತಾರೆ, ಮಧ್ಯದ್ದು ಕಟ್ಟೋದು ಕಷ್ಟ, ಅದರ ಹೆಸರೂ ಯಾರೂ ಹೇಳಲ್ಲ. ಬ್ರೆಕೆನ್‌ರಿಜ್‌ನಲ್ಲೂ ಆ ಕ್ರೂ ಹುಡುಗ ಇದನ್ನೇ ಹೇಳಿ ನಕ್ಕಿದ್ದ.

ಕೋಲಾರದಲ್ಲಿ ಹಿಮ ಬೀಳಲ್ಲ, ಗೊತ್ತು. ಆದ್ರೆ ನಮ್ಮ ಕೊಡಗಿನ ಭವಾನಿ ತೆಕ್ಕಡ ನಾರ್ಡಿಕ್ ಸ್ಕೀ, ಅಂದ್ರೆ ಹಿಮದ ಮೇಲೆ ದೂರದ ಓಟದ ತರದ್ದು, ಅದನ್ನ ಮಾಡಿ ದೇಶಕ್ಕೆ ಮೆಡಲ್ ತಂದಿದಾಳೆ, ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ನಡೀತಿದೆ, ಅಲ್ಲಿಗೆ ಹೋಗೋ ನಮ್ಮ ಹುಡುಗರು ನಿಮ್ಮ ಪೇಪರ್ ಓದೋ ಮನೆಯೋರೇ. ಅವರ ಅಪ್ಪ ಅಮ್ಮ ಆ ಮೂರು ಪದ ನೋಡಿದ್ರೆ ಮನೆ ಬಾಗಿಲು ದಾಟಕ್ಕೆ ಬಿಡ್ತಾರಾ? ಅದಕ್ಕೆ ಮುಂದಿನ ಸಲ ಅಂಥ ಫೋಟೋ ಹಾಕೋವಾಗ ಪಕ್ಕದಲ್ಲಿ ಆ ಒಂದಡಿ ಉಬ್ಬಿನ ಮೇಲಿರೋ ಮಗುವಿನ ಫೋಟೋನೂ ಚಿಕ್ಕದಾಗಿ ಹಾಕಿ ಅಂತ ನನ್ನ ಕೋರಿಕೆ.

ನಮ್ಮ ಸೈಟಿಗೆ ನಿಮ್ಮ ಫೋಟೋಗ್ರಾಫರ್ ಬರೋದಾದ್ರೆ ಬರಲಿ, ಭಾನುವಾರ ಬೆಳಗ್ಗೆ ಏಳಕ್ಕೆ, ಹತ್ತಕ್ಕೆಲ್ಲ ಬಿಸಿಲು ಹತ್ತಿ ಹುಡುಗರು ಮನೆಗೆ ಹೋಗ್ತಾರೆ. ಹೋದ ವಾರದ ಮಳೆಗೆ ಎರಡನೇ ಸಾಲಿನ ಲ್ಯಾಂಡಿಂಗ್ ಒಂದು ಕಡೆ ಕೊಚ್ಚಿದೆ, ಸದ್ಯಕ್ಕೆ ಅದರ ಮುಂದೆ ಎರಡು ಬಿದಿರು ಗಳು ಅಡ್ಡ ನೆಟ್ಟಿದೀವಿ. ತಂಗಿ ಮಗ ಮಣ್ಣಿಗೆ ನೀರು ಹಾಕ್ತಾ ಇದಾನೆ, ಶನಿವಾರ ರಾತ್ರಿ ಕೂರಕ್ಕೆ ಬಿಟ್ಟು ಭಾನುವಾರ ಮೊದಲು ಅವನೇ ಹಾರಿ ನೋಡ್ತಾನಂತೆ.

ಇಂತಿ,
ನಿಮ್ಮ ಓದುಗ, ಕೋಲಾರ